ಹಲ್ಲಿನ ಮೇಸ್ತ್ರಿಯ ಹಬೆ ಹಡಗು

ಅವರನ್ನು ಎಲ್ಲರೂ ಹಲ್ಲಿನ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ದವಾಖಾನೆಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಅವರ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿ ಮಾಡಿ ಅವರಿಗೆ ಜನರ ಮುಖ ನೆನಪಿರುತ್ತಿರಲಿಲ್ಲ, ದವಡೆ ನೆನಪಿರುತ್ತಿತ್ತು. ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಮಾತಾಡಿಸಿದರೆ ಪೆದ್ದುಪೆದ್ದಾಗಿ ನೋಡುತ್ತಾ ನಿಲ್ಲುತ್ತಿದ್ದರು. ಎದುರಿನವರು ಹಲ್ಲುಬಿಟ್ಟು ನಕ್ಕ ಮೇಲೆಯೇ, ‘ಓ, ನೀವಾ’ ಎನ್ನುತ್ತಿದ್ದರು.

ಅವರ ಹೆಂಡತಿಯ ಅಣ್ಣ ಬಡಗಿ. ಎರಡು ಮನೆಗೂ ನಡುವೆ ಒಂದೇ ಗೋಡೆ. ಬಡಗಿ ವರ್ಷವಿಡೀ ಕೂತು ಎರಡೂವರೆ ಅಡಿ ಉದ್ದದ ಮರದ ಹಡಗೊಂದನ್ನು ಮಾಡಿದ್ದರು. ಪುಟ್ಟ ಕೋಣೆ, ಕೋಣೆಗೆ ಕಿಟಕಿ, ಬೆರಳುದ್ದದ ಏಣಿ, ಕೆಂಪು ಪಟ್ಟೆಯ ಹೊಗೆ ಕೊಳವೆ. ಕಡ್ಡಿ ಗೀರಿದಷ್ಟು ಬಿರುಕೂ ಇಲ್ಲದ ಕೆಲಸ. ಅದು ಅವರ ಮನೆಯ ಬೀರುವಿನ ಮೇಲೆ ಕೂತಿತ್ತು. ಬಂದವರೆಲ್ಲ ಕತ್ತೆತ್ತಿ ಹೊಗಳಬೇಕು, ಇಲ್ಲವಾದರೆ ಕಾಫಿ ಬರುವುದು ತಡವಾಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಮೇಸ್ತ್ರಿ ಕತ್ತೆತ್ತಿ ನೋಡಿದರು. ಹೊಗಳಲಿಲ್ಲ.

“ಇದು ಓಡಲ್ವಾ, ಭಾವ?”

“ಇದು ನೋಡೋಕೆ.”

“ಓಡದೆ ಇದ್ರೆ ಹಡಗು ಹೇಗಾಗುತ್ತೆ? ದನಕ್ಕೆ ನೀರಿಡೋ ಉದ್ದನೆ ಮರಿಗೆ ಅನ್ನಿ.”

ಬಡಗಿ ಮೂರು ದಿನ ಮುಖ ಊದಿಸಿಕೊಂಡಿದ್ದರು. ನಾಲ್ಕನೆಯ ದಿನ ಹಡಗನ್ನು ಕಂಕುಳಲ್ಲಿ ಇಟ್ಟುಕೊಂಡು ದವಾಖಾನೆಗೆ ಬಂದು ಮೇಸ್ತ್ರಿಯ ಮೇಜಿನ ಮೇಲೆ ಇಳಿಸಿ, ಹಾಗಾದರೆ ಓಡಿಸಿ ತೋರಿಸಿ ಎಂದರು. ಅವರ ಲೆಕ್ಕದಲ್ಲಿ ಅದು ಆಟಿಕೆಯ ಮೋಟರು, ಎರಡು ಬ್ಯಾಟರಿ, ಅರ್ಧ ಗಂಟೆಯ ಕೆಲಸ. ಮೇಸ್ತ್ರಿ ಒಪ್ಪಲಿಲ್ಲ. ಹೊಗೆ ಕೊಳವೆ ಇಟ್ಟ ಮೇಲೆ ಒಳಗೆ ಬೆಂಕಿ ಇರಬೇಕು, ನೀರು ಕುದಿಯಬೇಕು, ಹಬೆ ಇಂಜಿನ್ನು ತಿರುಗಬೇಕು. ಬ್ಯಾಟರಿ ಇಟ್ಟರೆ ಅದು ಸುಳ್ಳು ಎಂದು ವಾದಿಸಿದರು. ಕಟ್ಟಿಸಿದ್ದಾದರೂ ಹಲ್ಲು ಅಗಿಯಲೇಬೇಕು ಎಂಬುದು ಅವರು ಜೀವಮಾನವಿಡೀ ಪಾಲಿಸಿಕೊಂಡು ಬಂದ ತತ್ವ.

ಇಂಜಿನ್ನಿಗೆ ಬೇಕಾದದ್ದರಲ್ಲಿ ಮುಕ್ಕಾಲುಪಾಲು ಅವರ ಮೇಜಿನ ಮೇಲೆಯೇ ಇತ್ತು. ಮೇಣ ಕರಗಿಸುವ ಸ್ಪಿರಿಟ್ ದೀಪವೇ ಒಲೆಯಾಯಿತು. ತಾಮ್ರದ ಕೊಳವೆಯ ತುಂಡೊಂದರ ಎರಡೂ ತುದಿ ಮುಚ್ಚಿ ಬೆಸುಗೆ ಹಾಕಿದಾಗ ಬಾಯ್ಲರಾಯಿತು. ಹಬೆ ಮಿತಿಮೀರಿದರೆ ಹೊರಗೆ ಬಿಡುವ ವಾಲ್ವಿಗೆ, ಹಲ್ಲಿಗೆ ಕ್ಲಿಪ್ಪು ಹಾಕುವ ತಂತಿಯನ್ನೇ ಸುತ್ತಿ ಸ್ಪ್ರಿಂಗು ಮಾಡಿದರು. ಸಿಲಿಂಡರು ಹೆಬ್ಬೆರಳಿನ ಗಾತ್ರದ್ದು; ಹಬೆ ನುಗ್ಗಿದಂತೆಲ್ಲ ತಾನೇ ಅತ್ತಿತ್ತ ತೂಗಿ, ಹಿಂಬದಿಯಲ್ಲಿ ನೀರು ತಳ್ಳುವ ರೆಕ್ಕೆಯನ್ನು ತಿರುಗಿಸುವಂಥದ್ದು. ಅದರೊಳಗಿನ ಪಿಸ್ಟನ್ನನ್ನು ಕಟ್ಟುಹಲ್ಲು ನಯ ಮಾಡುವ ಸಣ್ಣ ಅರದಿಂದ ಹನ್ನೊಂದು ದಿನ ತಿಕ್ಕಿದರು. ಈ ಹನ್ನೊಂದು ದಿನ ನಿವೃತ್ತ ಟೀಚರೊಬ್ಬರು ತಮ್ಮ ಸೆಟ್ಟಿಗಾಗಿ ದಿನಾ ಬಂದು, “ನನ್ನ ಅಲ್ಲು ಎಲ್ಲಿ?” ಎಂದು ಕೇಳಿ ಹೋಗುತ್ತಿದ್ದರು. ಕೊನೆಗೆ ಸೆಟ್ಟು ಸಿಕ್ಕಿತು. ಪಿಸ್ಟನ್ನು ತಿಕ್ಕಿದ ರೂಢಿಯಲ್ಲೇ ಅದನ್ನೂ ತಿಕ್ಕಿದ್ದರು; ಅಷ್ಟೊಂದು ನುಣುಪಾದ ಹಲ್ಲು ಆ ದವಾಖಾನೆಯಿಂದ ಹೊರಗೆ ಹೋದದ್ದೇ ಇಲ್ಲ. ಟೀಚರು ಹಾಕಿಕೊಂಡು ನೋಡಿ, ಚಪಾತಿ ಜಾರುತ್ತೆ ಎಂದು ವಾಪಸು ತಂದುಕೊಟ್ಟರು.

ಮುಂದಿನ ಕಷ್ಟ ತೂತಿನದು. ರೆಕ್ಕೆಯ ಸರಳು ಒಳಗಿನಿಂದ ಹೊರಗೆ ಹೋಗಬೇಕಾದರೆ ಹಡಗಿನ ಹಿಂಬದಿಗೆ, ಅದೂ ನೀರಿನ ಮಟ್ಟಕ್ಕಿಂತ ಕೆಳಗೆ, ತೂತು ಕೊರೆಯಬೇಕು. ಬಡಗಿ ಜೀವಮಾನದಲ್ಲಿ ಸಾವಿರಾರು ತೂತು ಕೊರೆದವರು. ಇದನ್ನು ಮಾತ್ರ ಮೇಸ್ತ್ರಿಗೇ ಬಿಟ್ಟು, ಗೋಡೆಯ ಕಡೆ ತಿರುಗಿ ನಿಂತರು. ಮೇಸ್ತ್ರಿ ಡ್ರಿಲ್ಲು ಹಿಡಿದು, ಡಾಕ್ಟರ ದನಿಯಲ್ಲಿ, “ಏನೂ ಆಗಲ್ಲ ಭಾವ, ಸ್ವಲ್ಪ ಜುಮ್ಮಂತದೆ ಅಷ್ಟೆ,” ಎಂದರು. ಡ್ರಿಲ್ಲಿನ ಸದ್ದು ಕೇಳಿ ಮುಂದಿನ ಕೋಣೆಯಲ್ಲಿ ಕಾಯುತ್ತಿದ್ದ ರೋಗಿಗಳಲ್ಲಿ ಇಬ್ಬರು ಎದ್ದು ಮನೆಗೆ ಹೋದರಂತೆ.

ಇಂಜಿನ್ನು ಕೂರಿಸಿ, ಮೇಸ್ತ್ರಿಯ ಮನೆಯ ಬಚ್ಚಲಿನ ಟಬ್ಬಿನಲ್ಲಿ ತೇಲಿಬಿಟ್ಟರೆ ಹಡಗು ಎಡಕ್ಕೆ ವಾಲಿತು. ಬಾಯ್ಲರನ್ನು ಸರಿಸಲು ಜಾಗವಿಲ್ಲ. ಬಲಗಡೆ ಭಾರ ಇಡಬೇಕು. ಮನೆಯ ಕಪಾಟಿನಲ್ಲಿ ಊರಿನವರ ದವಡೆಗಳೆಲ್ಲ ಗಾರೆಯ ಅಚ್ಚುಗಳಾಗಿ ಸಾಲಾಗಿ ಕೂತಿದ್ದವು. ಒಂದೊಂದನ್ನೇ ಇಟ್ಟು ನೋಡುತ್ತಾ ಬಂದರು. ಡಾಕ್ಟರ ಮಾವನದು ಹಗುರ. ಟೀಚರದು ಇನ್ನೂ ಹಗುರ. ಮೇಲಿನದು, ಕೆಳಗಿನದು ಎರಡನ್ನೂ ಸೇರಿಸಿ ಇಟ್ಟ ಒಂದು ಜೋಡಿಗೆ ಮಾತ್ರ ಹಡಗು ತಕ್ಕಡಿ ಹಿಡಿದಂತೆ ನೆಟ್ಟಗೆ ನಿಂತಿತು. ಬಡಗಿ ಬಗ್ಗಿ ನೋಡಿದರು. ಮುಂದಿನ ಒಂದು ಹಲ್ಲು ಇರಲಿಲ್ಲ.

“ಇದು ನಂದಲ್ವಾ?”

“ನಿಮ್ದೇ. ಎಲ್ಲಕ್ಕಿಂತ ದೊಡ್ಡ ಬಾಯಿ.”

ಒಳಗಿದ್ದ ಮೇಸ್ತ್ರಿಯ ಹೆಂಡತಿಗೆ ನಗು ತಡೆಯಲಾಗದೆ ಕೈಯಲ್ಲಿದ್ದ ಪಾತ್ರೆ ಬಿದ್ದಿತು. ಅಚ್ಚಿಗೆ ನೀರು ಇಳಿಯದಂತೆ ಮೇಣ ಬಳಿದು, ಹಡಗಿನ ಕೋಣೆಯ ಪಕ್ಕದಲ್ಲಿ ಕೂರಿಸಿದರು. ಆಮೇಲೆ ದೀಪ ಹಚ್ಚಿದರು. ಆರು ನಿಮಿಷಕ್ಕೆ ಇಂಜಿನ್ನು ಟುಕುಟುಕು ಎಂದಿತು. ಟಬ್ಬು ಚಿಕ್ಕದು, ಹಡಗು ಹೊಡೆದುಕೊಂಡೀತು ಎಂದು ಬಡಗಿ ಎರಡೂ ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ರೆಕ್ಕೆ ತಿರುಗಿ ನೀರು ಕದಡಿದ್ದನ್ನು ಕಂಡು ಇಬ್ಬರೂ ಹೋ ಎಂದು ಕೂಗಿದರು. ಹಡಗು ಯಾವ ಕಡೆಗೆ ಎಳೆಯುತ್ತಿದೆ ಎಂದು ನೋಡುವುದು ಇಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ಭಾನುವಾರ ಉದ್ಯಾನದ ಕೊಳಕ್ಕೆ ಹೊರಟರು. ಮೇಸ್ತ್ರಿಯ ಹೆಂಡತಿ ಬಂದಳು, ಟೀಚರು ಮತ್ತೆ ಸರಿಮಾಡಿ ಕೊಟ್ಟಿದ್ದ ಹೊಸ ಹಲ್ಲು ಹಾಕಿಕೊಂಡು ಬಂದರು. ದೀಪ ಹಚ್ಚಿ, ಹಬೆ ಏರಿದ ಮೇಲೆ ಬಡಗಿ ಹಡಗಿನ ಮೂತಿಯನ್ನು ಕೊಳದ ಕಡೆಗೆ ತಿರುಗಿಸಿ, ಮಗಳನ್ನು ಕಳಿಸಿಕೊಡುವವರ ಹಾಗೆ ಮೆಲ್ಲಗೆ ಕೈಬಿಟ್ಟರು. ಹಡಗು ಒಂದು ಕ್ಷಣ ಯೋಚಿಸಿ, ಹಿಂದಕ್ಕೆ ಬಂದು ದಡಕ್ಕೆ ಗುದ್ದಿತು.

ಮತ್ತೆ ಬಿಟ್ಟರು. ಮತ್ತೆ ಬಂದು ಗುದ್ದಿತು. ಟೀಚರು, ಅದಕ್ಕೆ ಹೋಗೋಕೆ ಇಷ್ಟ ಇಲ್ಲ ಎಂದರು. ಬಡಗಿಗೆ ರೇಗಿ, ಹಡಗನ್ನು ಉಲ್ಟಾ ತಿರುಗಿಸಿ ಬಿಟ್ಟರು. ಈಗ ಅದು ಬೆನ್ನು ಮುಂದೆ ಮಾಡಿಕೊಂಡು, ಹಬೆ ಉಗುಳುತ್ತಾ, ಜರ್ರೆಂದು ಹೊರಟೇಹೋಯಿತು. ಬಡಗಿಯ ದವಡೆ ಒಂದು ಹಲ್ಲಿನ ಸಂದಿಯೊಡನೆ ದಡದವರಿಗೆಲ್ಲ ಹಲ್ಲುಕಿರಿಯುತ್ತಾ ಸಾಗಿತು. ಏಳು ಬಾತುಕೋಳಿಗಳು ಸಾಲುಗಟ್ಟಿ ಅದರ ಹಿಂದೆ ಬಿದ್ದವು.

ಕಾವಲುಗಾರ ಓಡಿಬಂದು ಸೀಟಿ ಊದಿದ. ಅದೇ ಹೊತ್ತಿಗೆ ಹಬೆ ಹೆಚ್ಚಾಗಿ ಹಡಗಿನ ವಾಲ್ವೂ ಸೀಟಿ ಊದಿತು. ಅವನು ಇನ್ನೊಮ್ಮೆ ಊದಿದ. ಅದೂ ಊದಿತು. ಕಾವಲುಗಾರ ಸೀಟಿ ಜೇಬಿಗೆ ಹಾಕಿಕೊಂಡು, ಇಲ್ಲಿ ದೋಣಿ ಬಿಡುವ ಹಾಗಿಲ್ಲ, ವಾಪಸು ಕರೀರಿ ಎಂದ. ಕರೆದರೆ ಬರುವಂಥದ್ದಲ್ಲ ಎಂದು ಮೇಸ್ತ್ರಿ ವಿನಯದಿಂದ ತಿಳಿಸಿದರು. ದೀಪದಲ್ಲಿ ಸ್ಪಿರಿಟ್ಟು ಮುಗಿಯುವವರೆಗೂ ಇಪ್ಪತ್ತು ನಿಮಿಷ ಅದು ಸುತ್ತು ಹೊಡೆಯಿತು. ಐದನೆಯ ಸುತ್ತಿಗೆ ಕಾವಲುಗಾರನೂ ಬೆಂಚಿನ ಮೇಲೆ ಕೂತು ನೋಡುತ್ತಿದ್ದ. ಆಮೇಲೆ ಹಡಗು ಕೊಳದ ನಟ್ಟನಡುವೆ ಹೋಗಿ ನಿಂತಿತು.

ಬಡಗಿಗೆ ಈಜು ಬಾರದು. ಆದರೂ ಚಪ್ಪಲಿ ಬಿಟ್ಟು, ತಂಗಿಯ ಕಡೆ ಒಮ್ಮೆ ನೋಡಿ, ಕಣ್ಣುಮುಚ್ಚಿ ನೀರಿಗಿಳಿದರು. ನೀರು ಮೊಣಕಾಲಿಗೆ ಬಂತು. ನಡುವಿನಲ್ಲೂ ಮೊಣಕಾಲಿಗೇ ಇತ್ತು. ಮೇಸ್ತ್ರಿಯ ಹೆಂಡತಿ, ಅದು ತನಗೆ ಮೊದಲೇ ಗೊತ್ತಿತ್ತು, ಯಾರೂ ಕೇಳಲಿಲ್ಲ ಎಂದಳು.

ಮನೆಗೆ ಬಂದ ಬಡಗಿ ಹಡಗನ್ನು ಹೊತ್ತುಕೊಂಡು ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ದಿನ ಗೋಡೆಯಾಚೆಯಿಂದ ಗರಗಸದ ಸದ್ದು ಬಂತು. ಮೂರನೆಯ ದಿನ ಹಡಗು ಹಿಡಿದು, ಮುಖವೆಲ್ಲ ಹೊಳೆಯುತ್ತಾ ಬಂದರು. ಹಡಗಿನ ಕೋಣೆಯನ್ನು ಕಿತ್ತು ಹಿಂದುಮುಂದಾಗಿ ಕೂರಿಸಿದ್ದರು. ಹಿಂಬದಿಯನ್ನು ಕೆತ್ತಿ ಮೂತಿ ಮಾಡಿ, ಮೂತಿಯನ್ನು ಹಿಂಬದಿ ಮಾಡಿ, ಹೊಸ ಬಣ್ಣ ಬಳಿದಿದ್ದರು.

“ಈಗ ನೆಟ್ಟಗೆ ಹೋಗ್ತದೆ ನೋಡಿ. ನಿಮ್ಮ ತಪ್ಪನ್ನ ನಾನು ಸರಿಮಾಡ್ದೆ.”

ಮೇಸ್ತ್ರಿ ಸುತ್ತಲೂ ತಿರುಗಿ ನೋಡಿ, ಒಂದು ಬಿರುಕಿಲ್ಲ ಭಾವ ಎಂದು ಮನಸಾರೆ ಹೊಗಳಿದರು. ಆ ದಿನ ಗೋಡೆಯಾಚೆಯಿಂದ ಕಾಫಿ ಎರಡು ಸಲ ಬಂತು.

ಬಡಗಿ ಹೋದ ಮೇಲೆ ಹೆಂಡತಿ ಗಂಡನ ಮುಖವನ್ನೇ ನೋಡಿದಳು.

“ಏನೋ ನುಂಗ್ಕೊಂಡ್ರಲ್ಲ.”

“ಹಬೆ ಬರೋ ಪೈಪು, ಹೋಗೋ ಪೈಪು, ಎರಡನ್ನೂ ಅದಲುಬದಲು ಮಾಡಿದ್ರೆ ರೆಕ್ಕೆ ಉಲ್ಟಾ ತಿರುಗಿ ಹಡಗು ಮುಂದಕ್ಕೇ ಹೋಗ್ತಿತ್ತು. ಐದು ನಿಮಿಷದ ಕೆಲಸ. ಭಾನುವಾರ ಸಂಜೆನೇ ಹೊಳೀತು.”

“ಅಣ್ಣಂಗೆ ಹೇಳ್ಬೇಡಿ.”

“ಬಾಯಿ ಬಿಟ್ರೆ ತಾನೆ,” ಎಂದು ಮೇಸ್ತ್ರಿ, ಟೀಚರು ಮತ್ತೆ ವಾಪಸು ತಂದುಕೊಟ್ಟಿದ್ದ ಸೆಟ್ಟನ್ನು ಕೈಗೆತ್ತಿಕೊಂಡರು. ಚಪಾತಿ ಇನ್ನೂ ಜಾರುತ್ತಿತ್ತಂತೆ.