ಶೇಕಡಾ ನೂರರ ಲೆಕ್ಕ

ಹೊಸ ಫ್ಲೆಕ್ಸಿಗೆ ಒಂದು ವಾಸನೆಯಿದೆ, ನೀವೂ ಮೂಸಿರುತ್ತೀರಿ. ಸೀಮೆಎಣ್ಣೆಗೂ ರಬ್ಬರಿಗೂ ಹುಟ್ಟಿದ ಕೂಸಿನಂಥದ್ದು. ಶಾಲೆ ಶುರುವಾದ ವಾರ ನಮ್ಮ ಸ್ಟಾಫ್ ರೂಮಿನಲ್ಲಿ ಅಂಥದ್ದೊಂದನ್ನು ಬಿಚ್ಚಿದರು. ‘ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ ನೂರು ಫಲಿತಾಂಶ.’ ಪಾಸಾದ ಮಕ್ಕಳ ಮುಖಗಳು ಅಂಚೆಚೀಟಿಯಷ್ಟು, ಹೆಡ್ ಮಾಸ್ಟರರ ಮುಖ ಮೊರದಷ್ಟು. ಪರೀಕ್ಷೆ ಬರೆದವರು ಯಾರೆಂದು ದಾರಿಹೋಕರಿಗೆ ಅನುಮಾನ ಬಂದರೆ ಅವರ ತಪ್ಪಲ್ಲ.

ನಾನು ಓದಿದ್ದು ಭಾರತೀನಗರದ ಆಚೆಯ ಒಂದು ಹೈಸ್ಕೂಲಿನಲ್ಲಿ. ಆಗ ಫ್ಲೆಕ್ಸ್ ಇರಲಿಲ್ಲ. ಇದನ್ನೇ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸುತ್ತಿದ್ದರು. ಆ ನೂರನ್ನು ಕಾಪಾಡುವ ವಿದ್ಯೆ ನಮ್ಮ ಹೆಡ್ ಮೇಷ್ಟ್ರಿಗೆ ಸಿದ್ಧಿಸಿತ್ತು. ಪಾಠ ಮಾಡುವುದಲ್ಲ, ಅದು ಕಷ್ಟದ ಕೆಲಸ. ಒಂಬತ್ತನೇ ತರಗತಿ ಮುಗಿಯುತ್ತಲೇ ದಡ್ಡರೆನಿಸಿದವರ ಕೈಗೆ ಟಿ.ಸಿ. ಕೊಟ್ಟು ಸಾಗಹಾಕುವುದು. ಜರಡಿ ಹಿಡಿದು, ಉಳಿದದ್ದನ್ನು ತೋರಿಸಿ, ಬೆಳೆದವನು ನಾನೇ ಎನ್ನುವುದು.

ನನ್ನ ಪಕ್ಕ ಕೂರುತ್ತಿದ್ದ ಪುಟ್ಟಲಕ್ಷ್ಮಿ ಆ ಜರಡಿಯಿಂದ ಕೆಳಗೆ ಬಿದ್ದವಳು. ಕಬಡ್ಡಿಯಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ, ಲೆಕ್ಕವೊಂದು ಬರುತ್ತಿರಲಿಲ್ಲ. ಅವಳಪ್ಪ ಗದ್ದೆಯಿಂದ ಕೆಸರುಗಾಲಲ್ಲೇ ಬಂದು ಬಾಗಿಲಲ್ಲಿ ನಿಂತರು.

“ಇನ್ನೊಂದೊರ್ಸ ನೋಡಿ ಸಾ, ಓದ್ತಾಳೆ.”

“ಇಸ್ಕೂಲ್ ಮರ್ವಾದೆ ತೆಗೀತಾಳೆ ಕಣಯ್ಯ. ಬ್ಯಾರೆ ಕಡೆ ಸೇರ್ಸೋಗು” ಎಂದರು ಮೇಷ್ಟ್ರು.

ಅವಳಪ್ಪನಿಗೆ ಬರೆಯಲು ಬಾರದು. ಅರ್ಜಿ ಬರೆಯಲು ಮೇಷ್ಟ್ರು ಕರೆದದ್ದು ಯಾರನ್ನು? ತರಗತಿಯಲ್ಲೇ ದುಂಡಗೆ ಬರೆಯುತ್ತಿದ್ದ ನನ್ನನ್ನು. ‘ಮನೆಯ ತೊಂದರೆಯಿಂದಾಗಿ ಸ್ವಇಚ್ಛೆಯಿಂದ ಮಗಳನ್ನು ಶಾಲೆ ಬಿಡಿಸುತ್ತಿದ್ದೇನೆ’ ಎಂದು ಮೇಷ್ಟ್ರು ಹೇಳಿಕೊಟ್ಟ ಸುಳ್ಳನ್ನು ಒಂದೂ ಚಿತ್ತಿಲ್ಲದೆ ಬರೆದೆ. ಅವಳಪ್ಪ ಹೆಬ್ಬೆಟ್ಟು ಒತ್ತಿದರು. “ಮುತ್ತು ಪೋಣಿಸ್ದಂಗೆ ಬರ್ದಿದ್ದೀಯ ಕಣಮ್ಮ” ಎಂದರು ಮೇಷ್ಟ್ರು. ನಾಚಿಕೆಗೆಟ್ಟ ನನಗೆ ಸಂಜೆಯವರೆಗೂ ಖುಷಿ. ಪುಟ್ಟಲಕ್ಷ್ಮಿ ಚೀಲ ಎತ್ತಿಕೊಂಡು ಹೋದದ್ದನ್ನೂ ಸರಿಯಾಗಿ ನೋಡಲಿಲ್ಲ.

ಎಷ್ಟೋ ವರ್ಷದ ಮೇಲೆ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಶಿಫ್ಟು ಮುಗಿಸಿ ಬಂದಿದ್ದಳು. “ಮೇಡಮ್ಮು ಆಗಿದ್ದೀಯಂತೆ?” ಎಂದು ನಕ್ಕಳು. ಆಮೇಲೆ ಯಾವ ಶಾಲೆಗೆ ಸೇರಿದೆ ಎಂದು ಕೇಳಿದೆ.

“ಎಲ್ಗೂ ಇಲ್ಲ ಬುಡು. ಇಸ್ಕೂಲ್ ಬ್ಯಾಡ ಅಂತ ನಾವೇ ಬರ್ಕೊಟ್ಟಿದ್ವಲ್ಲ.”

ಚುಚ್ಚಿದಳೋ, ಸುಮ್ಮನೆ ಹೇಳಿದಳೋ ಈಗಲೂ ತಿಳಿಯದು. ಬಸ್ಸು ಬಂತು, ಹತ್ತಿ ಹೋದಳು. ಇಷ್ಟಾದ ಮೇಲೆ ನಾನು ತಿದ್ದಿಕೊಂಡೆ ಎಂದುಕೊಂಡಿರಾ? ಹೋದ ವರ್ಷ ನಮ್ಮ ಹೆಡ್ ಮಾಸ್ಟರ್ ದಡ್ಡರ ಪಟ್ಟಿ ಕೇಳಿದಾಗ ಎರಡು ಹೆಸರು ಕೊಟ್ಟಿದ್ದೆ. ಈಗ ಬಿಚ್ಚಿಟ್ಟ ಫ್ಲೆಕ್ಸಿನಲ್ಲಿ ಆ ಎರಡು ಮುಖಗಳಿಲ್ಲ.

“ಮೇಡಂ, ಹತ್ತಕ್ಕೆ ಬಂದಿರೋರಲ್ಲಿ ವೀಕ್ ಇರೋರ ಹೆಸ್ರು ಕೊಡಿ” ಎಂದರು ಹೆಡ್ ಮಾಸ್ಟರ್, ತಮ್ಮ ಮೊರದಗಲದ ಮುಖದಿಂದ ಕಣ್ಣು ತೆಗೆಯದೆ.

“ಯಾರೂ ಇಲ್ಲ ಸಾರ್.”

“ಆ ಚೈತ್ರ? ಲೆಕ್ಕದಲ್ಲಿ ಸೊನ್ನೆ.”

“ಲೆಕ್ಕ ಹೇಳ್ಕೊಡೋಳು ನಾನಲ್ವಾ ಸಾರ್? ಮೊದ್ಲು ನನ್ನ ಟಿ.ಸಿ. ಬರೀರಿ.”

ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. “ರಿಸಲ್ಟ್ ಬಿದ್ರೆ ನೀವೇ ಉತ್ತರ ಹೇಳ್ಬೇಕು.”

“ಹೇಳ್ತೀನಿ” ಎಂದೆ. ವೀರಾವೇಶವೇನಲ್ಲ, ಅವರು ಇನ್ನೊಂದು ಮಾತಾಡುವ ಮೊದಲೇ ತರಗತಿಗೆ ಓಡಿದೆ.

ಸಂಜೆ ಗಂಟೆ ಹೊಡೆದ ಮೇಲೆ ಚೈತ್ರಳನ್ನು ಉಳಿಸಿಕೊಂಡು, ಅರ್ಧಕ್ಕೆ ಕಾಲು ಕೂಡಿಸು ಎಂದೆ. ಅವಳು ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿ, “ಆರರಲ್ಲಿ ಎರಡು, ಮಿಸ್” ಎಂದಳು. ನನ್ನ ಮುಖ ನೋಡಿ ಪುಸ್ತಕ ಮುಚ್ಚತೊಡಗಿದಳು. “ನಂಗ್ ಬರಾಕಿಲ್ಲ. ನಿಮ್ ಬಸ್ಸು ಓಯ್ತದೆ ಮಿಸ್.”

“ಹೋಗ್ಲಿ ಕಣಮ್ಮ. ತೆಗಿ ಪುಸ್ತಕ.”