ಐದೂವರೆ ಅಂದರೆ ಎಷ್ಟು?

ಪರೀಕ್ಷೆಗೆ ಒಂಬತ್ತೇ ದಿನ ಉಳಿದಿತ್ತು. ರಾಮನಗರದ ನಮ್ಮ ನಡುಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದ ನನಗೆ, ಎದುರು ಕೂತ ಹುಡುಗಿಯನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಬಿಡದಿ ಹತ್ತಿರದ ಹಳ್ಳಿಯವಳು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಊರ ಪಕ್ಕ ಎದ್ದಿದ್ದ ಹೊಸ ಕಾರ್ಖಾನೆಯವರು ಹತ್ತನೇ ತರಗತಿ ಪಾಸಾದ ಹುಡುಗಿಯರನ್ನು ತರಬೇತಿಗೆ ತೆಗೆದುಕೊಳ್ಳುತ್ತಿದ್ದರು. ಈ ಸಲವೂ ಹೋದರೆ ಅವಳಿಗೂ ಅಕ್ಕನ ಗತಿಯೇ, ಅದೇ ಕಾರ್ಖಾನೆಯಲ್ಲಿ ಕಂಟ್ರಾಕ್ಟರನ ಕೈಕೆಳಗೆ ಕಸ ಗುಡಿಸುವುದು. ಆ ಅಕ್ಕನೂ ನನ್ನ ಹತ್ತಿರವೇ ಕಲಿತು ಫೇಲಾದವಳು. "ಲೆಕ್ಕ ಇವಳ ತಲೆಗೆ ಹತ್ತಲ್ಲ, ಓದು ಬಿಡಿಸಿಬಿಡಿ" ಎಂದು ಅವರಪ್ಪನಿಗೆ ಹೇಳಿದ್ದು ನಾನೇ.

ಆಗ ನನಗೆ ಗೊತ್ತಿದ್ದ ದಾರಿ ಒಂದೇ, ಹಳೇ ಪ್ರಶ್ನೆಪತ್ರಿಕೆಗಳನ್ನು ಉರು ಹೊಡೆಸುವುದು. ಬುಡ ಎಲ್ಲಿ ಸಡಿಲ ಎಂದು ನೋಡಲು ಪುರುಸೊತ್ತೆಲ್ಲಿತ್ತು?

ಅವತ್ತು ಆಯತದ ಲೆಕ್ಕ ಕೊಟ್ಟೆ. ಉದ್ದ ಐದೂವರೆ ಸೆಂಟಿಮೀಟರು, ಅಗಲ ನಾಲ್ಕು. ವಿಸ್ತೀರ್ಣ ಇಪ್ಪತ್ತೆರಡು ಬರಬೇಕು. ಅವಳಿಗೆ 21.20 ಬಂತು. ಮೂರು ಸಲ ಮಾಡಿಸಿದೆ, ಮೂರು ಸಲವೂ ಅದೇ. ನೋಟ್‌ಬುಕ್ ಕಿತ್ತು ನೆಲಕ್ಕೆಸೆದೆ.

"ತಲೇಲಿ ಏನೇ ತುಂಬ್ಕೊಂಡಿದ್ದೀಯ, ಜೇಡಿಮಣ್ಣಾ?"

ಅವಳು ಅಳಲಿಲ್ಲ. ಗಡಿಯಾರ ನೋಡಿ, "ಐದೂವರೆ ಟ್ರೈನಿಗೆ ಹೊತ್ತಾಯ್ತು ಮಿಸ್, ಬತ್ತೀನಿ" ಅಂದಳು.

ನೋಟ್‌ಬುಕ್ ಎತ್ತಿಕೊಡಲು ಬಗ್ಗಿದೆ. 5.30 × 4 ಎಂದಿತ್ತು. ಗುಣಾಕಾರ ಸರಿಯಾಗಿಯೇ ಇತ್ತು. ಹಿಂದಿನ ಹಾಳೆ ತಿರುವಿದೆ. ಎರಡೂಕಾಲು ಬಂದಲ್ಲೆಲ್ಲ 2.15, ಏಳೂಮುಕ್ಕಾಲು ಬಂದಲ್ಲಿ 7.45.

"ಐದೂವರೆನ ಹಿಂಗ್ಯಾಕೆ ಬರ್ದೆ?"

"ಐದೂವರೆ ಅಂದ್ರೆ ಐದು ಮೂವತ್ತು ತಾನೇ ಮಿಸ್? ಸ್ಟೇಷನ್ ಬೋರ್ಡಲ್ಲೂ ಹಂಗೇ ಬರ್ದವ್ರೆ."

ಮುಂದಿನ ಟ್ರೈನಿಗೆ ಹೋಗುವಂತೆ ಹೇಳಿ ಸ್ಕೇಲು ತಂದೆ. ಐದು ಮತ್ತು ಆರರ ನಡುವಿನ ಗೆರೆಗಳನ್ನು ಎಣಿಸಿದೆವು. "ಗಂಟೆಗಾದ್ರೆ ಅರವತ್ತು ನಿಮಿಷ. ಇಲ್ಲಿ ಇರೋದು ಹತ್ತೇ ಪಾಲು. ಹತ್ತರಲ್ಲಿ ಅರ್ಧ ಎಲ್ಲಿ, ತೋರಿಸು." ಮೂರನೇ ಗೆರೆಯ ಮೇಲಿದ್ದ ಅವಳ ಬೆರಳು ಮೆಲ್ಲಗೆ ಐದಕ್ಕೆ ಸರಿಯಿತು.

"ಅಯ್ಯೋ, ಇಷ್ಟೇನಾ ಮಿಸ್!"

ಉಳಿದ ದಿನಗಳಲ್ಲಿ ಪ್ರಶ್ನೆಪತ್ರಿಕೆ ಮುಟ್ಟಲಿಲ್ಲ. ಐದನೇ ಕ್ಲಾಸಿನ ಪುಸ್ತಕದಿಂದ ಶುರು ಮಾಡಿದೆವು. ಹೊರಗೆ ಧೈರ್ಯ ಹೇಳುತ್ತಿದ್ದೆ, ಒಳಗೆ ಜೀವ ಹೋಗುತ್ತಿತ್ತು. ನನ್ನ ಹುಚ್ಚಾಟಕ್ಕೆ ಈ ಹುಡುಗಿ ಮತ್ತೆ ಫೇಲಾದರೆ? ಪರೀಕ್ಷೆಯ ದಿನ ಮೂರು ಗಂಟೆ ಶಾಲೆಯ ಗೇಟಿನ ಹೊರಗೇ ನಿಂತಿದ್ದೆ.

ರಿಸಲ್ಟಿನ ದಿನ ಅಕ್ಕ ತಂಗಿ ಇಬ್ಬರೂ ಬಂದರು. ಮೂವತ್ತೊಂಬತ್ತು, ಪಾಸು. ತಂಗಿ ನನ್ನನ್ನು ತಬ್ಬಿಕೊಂಡು ಗಳಗಳ ಅತ್ತಳು. ಅಕ್ಕ ಕೆಲಸದ ನೀಲಿ ಕೋಟಿನಲ್ಲೇ ಹೊಸ್ತಿಲಾಚೆ ನಿಂತಿದ್ದಳು. ಒಳಗೆ ಬಾಮ್ಮ ಎಂದು ಕರೆದೆ. ಬರಲಿಲ್ಲ.

"ನಾನೂ ಐದು ಮೂವತ್ತು ಅಂತ್ಲೇ ಬರೀತಿದ್ದೆ ಮಿಸ್" ಅಂದಳು. "ಯಾಕೆ ಅಂತ ನನ್ನ ನೀವು ಕೇಳ್ಲೇ ಇಲ್ಲ."