ಮಧ್ಯಾಹ್ನದ ಹಾರ್ಸ್‌ಪವರ್

ರುದ್ರೇಶ, ಆ ದಿನ ನೀನು ಸೋಲಲಿಲ್ಲ. ನಾನು ನಿನ್ನನ್ನು ಸೋಲಿಸಿದೆ — ಅದೂ ಬಾಯಿ ಮುಚ್ಚಿಕೊಂಡು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಚನ್ನಗಿರಿ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮಿಬ್ಬರ ಗ್ಯಾರೇಜು. ನೀನು ಹೊನ್ನಾಳಿಯ ಹೊಳೆದಂಡೆಯಲ್ಲಿ ಡೀಸೆಲ್ ಪಂಪ್‌ಸೆಟ್ ಬಿಚ್ಚಿ ಜೋಡಿಸುತ್ತ ಕೆಲಸ ಕಲಿತವನು. ನಾನು ನ್ಯಾಮತಿಯವನು, ಚನ್ನಗಿರಿಯ ಟೆಕ್ನಿಕಲ್ ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕ, ಸಂಜೆಯಾದರೆ ನಿನ್ನ ಜೊತೆ ಗ್ರೀಸ್ ಮೆತ್ತಿಕೊಳ್ಳುವವನು. ಜಗಳೂರಿನ ಬಯಲಲ್ಲಿ ಮೋಟಾರ್‌ಸೈಕಲ್ ಓಟವಿದೆಯೆಂದು ತಿಳಿದಾಗ ಇಬ್ಬರಿಗೂ ಹುಚ್ಚು ಹಿಡಿಯಿತು. ಗಾಡಿ ಒಂದೇ, ಎಂಜಿನ್ ಎರಡು. ಒಂದನ್ನು ನೀನು ಹದಗೊಳಿಸಿದೆ, ಇನ್ನೊಂದನ್ನು ನಾನು. ಶಾಲೆಯ ಅಳತೆ ಯಂತ್ರದ ಮೇಲೆ ಯಾವುದು ಹೆಚ್ಚು ಹಾರ್ಸ್‌ಪವರ್ ತೋರಿಸುತ್ತದೋ ಅದೇ ಗಾಡಿಗೆ, ಅದನ್ನು ಮಾಡಿದವನೇ ಸವಾರ — ಹಾಗಂತ ಮಾತಾಯಿತು.

ಬೇಸಿಗೆಯ ಭಾನುವಾರ. ಬೆಳಗಿನ ತಂಪಿನಲ್ಲಿ ನನ್ನದನ್ನು ಅಳೆದು, ಮುಳ್ಳು ನಿಂತಲ್ಲಿ ಗುರುತು ಹಾಕಿದೆವು. ನಿನ್ನದನ್ನು ಯಂತ್ರಕ್ಕೆ ಏರಿಸಲು ಹೋದರೆ ನೀನೇ ತಡೆದೆ.

"ಬಿಸಿಲೇರ್ಲಿ ತಡಿಯೋ. ಎಂಜಿನ್ ಕಾದಷ್ಟೂ ಮೈ ಬಿಡತೈತೆ."

ಪಂಪ್‌ಸೆಟ್ಟಿನವರ ಅಭ್ಯಾಸ ಅದು. ಎಂಜಿನ್ ಹದವಾಗಿ ಬೆಚ್ಚಗಾಗಬೇಕು, ನಿಜ. ಆದರೆ ಅದು ಸೇದುವ ಗಾಳಿ ತಣ್ಣಗಿರಬೇಕು. ಕಾದ ಗಾಳಿ ತೆಳುವು — ಅದೇ ಎಂಜಿನ್, ಅದೇ ಪೆಟ್ರೋಲ್, ಆದರೂ ಬಲ ಕುಗ್ಗುತ್ತದೆ. ಎರಡನ್ನೂ ಒಂದೇ ಹೊತ್ತಿನಲ್ಲಿ ಅಳೆಯಬೇಕೆಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ — ತೆರೆದೆನೇ? ಇಲ್ಲ. ಹಾಗೆ ನೆನೆಯಲು ಈಗ ಆಸೆ, ಅಷ್ಟೆ. ಸವಾರನಾಗುವ ದುರಾಸೆ ನನ್ನನ್ನು ಮೂಕನನ್ನಾಗಿ ಮಾಡಿತ್ತು. ಮಧ್ಯಾಹ್ನ, ಪ್ರಯೋಗಾಲಯದ ತಗಡಿನ ಮಾಡಿನ ಕೆಳಗೆ, ನೀನು ಬೆವರು ಸುರಿಸುತ್ತ ಅದನ್ನು ಕಾಯಿಸುತ್ತಿದ್ದೆ. ಧೂಳು ಬರುತ್ತದೆಂದು ನೆಪ ಹೇಳಿ ನಾನು ಕಿಟಕಿಗಳನ್ನೂ ಹಾಕಿದೆ.

ಮುಳ್ಳು ನನ್ನ ಗುರುತಿಗಿಂತ ಒಂದು ಕೂದಲೆಳೆ ಕೆಳಗೆ ನಿಂತಿತು. ನೀನು ಬಗ್ಗಿ ನೋಡಿದೆ. ವಾದಿಸಲಿಲ್ಲ, ಇನ್ನೊಮ್ಮೆ ನೋಡೋಣವೆನ್ನಲೂ ಇಲ್ಲ.

"ಅಳತೆನೇ ಹೇಳೈತಲ್ಲೋ. ನಿಂದೇ ಹಾಕು."

ಓಟದಲ್ಲಿ ನಾನು ಲೆಕ್ಕಕ್ಕೇ ಸಿಗಲಿಲ್ಲ. ಆಮೇಲೊಂದು ಬೆಳಿಗ್ಗೆ, ತಂಪು ಇರುವಾಗಲೇ, ಒಬ್ಬನೇ ಹೋಗಿ ನಿನ್ನ ಎಂಜಿನ್ ಏರಿಸಿದೆ. ಮುಳ್ಳು ನನ್ನ ಗುರುತನ್ನು ದಾಟಿಯೇ ಹೋಯಿತು. ಆಗಲಾದರೂ ಓಡಿಬಂದು ಹೇಳಬಹುದಿತ್ತು — ಎಂಜಿನ್ ಇಳಿಸಿ, ಕೈ ತೊಳೆದುಕೊಂಡು, ಸುಮ್ಮನಾದೆ.

ಓಟದ ಎಂಜಿನ್ ನಿನ್ನ ಕೈಗೆ ಒಗ್ಗುವುದಿಲ್ಲವೆಂದುಕೊಂಡು ನೀನು ಬಿಳಿಚೋಡಿಗೆ ಹೋಗಿ ಮತ್ತೆ ಪಂಪ್‌ಸೆಟ್ ಹಿಡಿದೆ. ಗ್ಯಾರೇಜು ನನಗೊಬ್ಬನಿಗೇ ಉಳಿಯಿತು. ಕಾರ್ಬುರೇಟರಿನ ವಿಷಯಕ್ಕೆ ಜಗಳವಾಡಲು ಒಂದು ನರಪಿಳ್ಳೆಯೂ ಇಲ್ಲ. ರೇಡಿಯೋ ಹಚ್ಚಿಟ್ಟು ಕೆಲಸ ಮಾಡುತ್ತೇನೆ, ಏನು ಕೇಳಿದೆನೆಂದು ಮಾತ್ರ ನೆನಪಿರುವುದಿಲ್ಲ.

ಕೆಲವು ವರ್ಷಗಳ ಮೇಲೆ, ತಡೆಯಲಾರದೆ, ನಿನ್ನ ಮನೆಗೆ ಬಂದಿದ್ದೆ. ಎಲ್ಲ ಹೇಳಿಬಿಡಬೇಕೆಂದೇ ಬಂದಿದ್ದೆ. ನೀನು ಹೆಂಡತಿಯನ್ನು ಕರೆದು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದೆ:

"ಇವ್ನೇ ನೋಡು ನಮ್ಮೋನು. ಆ ವಿದ್ಯೆ ನನ್ನ ಕೈಗೆ ಹತ್ತಾಕಿಲ್ಲ ಅಂತ ತೋರಿಸ್ಕೊಟ್ಟು ನನ್ನ ಉಳಿಸ್ದೋನು."

ಆಕೆ ಕೈಮುಗಿದರು. ನಾನು ಊಟ ಮಾಡಿದೆ, ರುದ್ರೇಶ. ಎರಡನೆಯ ಸಲ ಸಾರು ಬಡಿಸಿಕೊಂಡು ಉಂಡು ಬಂದೆ.

ಆ ವಿದ್ಯೆ ನಿನ್ನ ಕೈಯಲ್ಲಿ ಇತ್ತು. ನನಗಿಂತ ಹೆಚ್ಚಾಗಿಯೇ ಇತ್ತು. ಇದನ್ನು ಆಕೆಯ ಎದುರಿನಲ್ಲೇ ಹೇಳಲು ನಾಳೆ ಬರುತ್ತಿದ್ದೇನೆ. ಆಮೇಲೆ ನೀನು ಬಾಗಿಲು ಹಾಕಿಕೊಂಡರೆ, ನನ್ನನ್ನು ಒಳಗೆ ಕರೆಯುವ ಇನ್ನೊಂದು ಮನೆ ಈ ಸೀಮೆಯಲ್ಲಿಲ್ಲ. ಆದರೂ ಬರುತ್ತೇನೆ.